ಕಲಬೆರಕೆ ಕಂಡರೆ ಯಾರಿಗೆ, ಹೇಗೆ ಹೇಳಬೇಕು?

ವಸಂತನರಸಾಪುರದ ಸುತ್ತಮುತ್ತ ಸಂಘಗಳಿಗೆ ಹೋದಾಗ ಕೆಚ್ಚಲುಬಾವಿನ ಮಾತು ಮುಗಿದ ಮೇಲೆ ಅಕ್ಕಂದಿರು ದನಿ ತಗ್ಗಿಸಿ ಕೇಳುವುದುಂಟು: "ತಪ್ಪು ಕಂಡರೂ ಹೇಳೋದು ಹೆಂಗೆ ಡಾಕ್ಟ್ರೇ? ನಾಳೆ ನಮ್ಮ ಹಾಲೇ ಬೇಡ ಅಂದರೆ?"

ಈ ಭಯ ಸುಳ್ಳಲ್ಲ. ಕೋಲಾರದ ಕೆ.ಜಿ.ಎಫ್.ನಲ್ಲಿ ಹುಟ್ಟಿ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆ ಇಂಧನ ಮಾರುತ್ತಿದ್ದ ಬಂಕ್ ಮೇಲೆ ಕ್ರಮ ಕೈಗೊಂಡಿದ್ದಕ್ಕೆ 2005ರ ನವೆಂಬರ್ 19ರಂದು ಅವರನ್ನು ಗುಂಡಿಟ್ಟು ಕೊಂದರು. ಆಗ ವಯಸ್ಸು 27. ಕೊಲೆಗಾರರ ಜೀವಾವಧಿ ಶಿಕ್ಷೆಯನ್ನು 2015ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು.

ಇಂಥ ಸಾವುಗಳ ನಂತರ, ಸರ್ಕಾರಿ ಭ್ರಷ್ಟಾಚಾರ ಬಯಲಿಗೆಳೆಯುವವರ ಹೆಸರು ಗುಟ್ಟಾಗಿಟ್ಟು ರಕ್ಷಿಸಲು 2014ರಲ್ಲಿ ಕಾಯ್ದೆ ಆಯಿತು. ಆದರೆ ಅದನ್ನು ಜಾರಿಗೆ ತಂದಿಲ್ಲ. ಹಾಗಾಗಿ ಸದ್ಯಕ್ಕೆ ಅದನ್ನು ನಂಬಿ ಕೂರುವಂತಿಲ್ಲ. ಕೈಯಲ್ಲಿರುವ ದಾರಿಗಳನ್ನೇ ಹಿಡಿಯಬೇಕು.

ಹಾಲಿಗೆ ನೀರು, ಯೂರಿಯಾ ಬೆರೆಸುವುದಾಗಲಿ, ಫ್ಯಾಟ್ ತಿದ್ದಿ ಬರೆಯುವುದಾಗಲಿ ಕಂಡರೆ ಒಬ್ಬರೇ ನಿಂತು ಜಗಳ ಕಾಯಬೇಡಿ. ತಾರೀಖು, ಬೆಳಗಿನದೋ ಸಂಜೆಯದೋ, ಎಷ್ಟು ಲೀಟರ್, ಎಷ್ಟು ಫ್ಯಾಟ್, ಎಲ್ಲ ಬರೆದಿಡಿ, ಚೀಟಿಗಳನ್ನು ಬಿಸಾಡಬೇಡಿ. ಸಾಧ್ಯವಾದಷ್ಟು ಸದಸ್ಯೆಯರು ಸಹಿ ಹಾಕಿ, ಒಕ್ಕೂಟದ ವಿಸ್ತರಣಾಧಿಕಾರಿಗೆ ಅರ್ಜಿ ಕೊಡಿ. ಎರಡನೇ ಪ್ರತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮಾತ್ರ ಮರೆಯಬೇಡಿ. ನಾಳೆ ಯಾರಾದರೂ ನಿಮ್ಮ ಹಾಲು ತಿರಸ್ಕರಿಸಿದರೆ, ದೂರು ಮೊದಲೇ ಕೊಟ್ಟಿದ್ದಿರಿ ಎಂಬುದಕ್ಕೆ ಅದೇ ಸಾಕ್ಷಿ. ಹತ್ತು ಜನರ ಸಹಿ ಇದ್ದಾಗ ಒಬ್ಬರ ಮೇಲೆ ಹಗೆ ಸಾಧಿಸುವುದೂ ಕಷ್ಟ.

ಅಲ್ಲಿ ಕೆಲಸ ಆಗಲಿಲ್ಲವೇ? ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರ 64ನೇ ಕಲಂ ಇದೆ. ಸಂಘದ ಸದಸ್ಯರಲ್ಲಿ ಮೂರನೇ ಒಂದು ಭಾಗ ಜನ ಅರ್ಜಿ ಕೊಟ್ಟರೆ ಸಹಕಾರ ಇಲಾಖೆಯ ನಿಬಂಧಕರು ವಿಚಾರಣೆ ನಡೆಸಬಹುದು. 90 ಸದಸ್ಯೆಯರ ಸಂಘದಲ್ಲಿ 30 ಸಹಿ ಸಾಕು. ಕಲಬೆರಕೆಯಾದರೆ ಆಹಾರ ಸುರಕ್ಷತಾಧಿಕಾರಿಗೂ ತಿಳಿಸಬಹುದು. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಅಪರಾಧ ಪತ್ತೆಗೆ ನೆರವಾದವರಿಗೆ ಬಹುಮಾನ ಕೊಡಲೂ ಅವಕಾಶವಿದೆ. ಬಹುಮಾನದ ಆಸೆಗೆ ಯಾರೂ ದೂರು ಕೊಡುವುದಿಲ್ಲ ಬಿಡಿ, ಆದರೆ ದೂರು ಕೊಟ್ಟವರನ್ನು ಚಾಡಿಕೋರರು ಎನ್ನುವವರಿಗೆ ಇದನ್ನು ತೋರಿಸಬಹುದು.

ಹೆಚ್ಚು ಕಷ್ಟ ಹಾಲು ಪರೀಕ್ಷೆ ಮಾಡುವ ಹೆಣ್ಣುಮಗಳಿಗೆ; ಅವಳ ಸಂಬಳವೂ ಸಂಘದ್ದೇ. ಯಂತ್ರ ತೋರಿಸಿದ ಅಂಕಿಯನ್ನೇ ಪುಸ್ತಕದಲ್ಲಿ ಬರೆಯಮ್ಮ. ತಿದ್ದು ಎಂದು ಒತ್ತಾಯಿಸಿದರೆ ಆ ಮಾತನ್ನೂ ತಾರೀಖು ಸಮೇತ ಬರೆದು ಅಂದೇ ವಿಸ್ತರಣಾಧಿಕಾರಿಗೆ ಕೊಡು. ಬೆದರಿಕೆ ಬಂದರೆ ಪೊಲೀಸ್ ಠಾಣೆಗೆ ಹೋಗು. ಜೊತೆಗೆ ನಾಲ್ಕು ಜನ ಸದಸ್ಯೆಯರೂ ಹೋಗಲಿ.