ಹಳೆಯ ಯೆಜ್ಡಿಗೆ ಮನೆಯಲ್ಲೇ ರಬ್ಬರು: ಯಾವುದನ್ನು ಮಾಡಬಹುದು, ಯಾವುದನ್ನು ಮಾಡಬಾರದು

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಯೆಜ್ಡಿಯನ್ನು ಇಂದಿಗೂ ಉಳಿಸಿಕೊಂಡಿರುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು: ಸವೆದ ಲೋಹದ ಭಾಗವನ್ನು ಕೊಯಮತ್ತೂರಿನ ಲೇತ್ ಕಾರ್ಯಾಗಾರದಲ್ಲಿ ಮಾಡಿಸಿಕೊಳ್ಳಬಹುದು, ರಬ್ಬರಿನ ಭಾಗ ಮಾತ್ರ ಸುಲಭವಾಗಿ ದೊರೆಯದು. ಹಾಗಾದರೆ ಅದನ್ನು ಮನೆಯಲ್ಲೇ ಮಾಡಬಹುದೆ? ಕೆಲವನ್ನು ಮಾಡಬಹುದು, ಕೆಲವನ್ನು ಎಂದಿಗೂ ಮಾಡಬಾರದು.

ಮಕ್ಕಳು ವಿಜ್ಞಾನದ ಪಾಠದಲ್ಲಿ ಓದುವ ವಲ್ಕನೀಕರಣವೇ ಇದರ ಮೂಲ. ಗಂಧಕ ಬೆರೆಸಿ ಕಾಯಿಸಿದರೆ ರಬ್ಬರು ಗಟ್ಟಿಯಾಗುವುದೆಂದು 1839ರಲ್ಲಿ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡರು. ಗಂಧಕವು ರಬ್ಬರಿನ ಉದ್ದನೆಯ ಅಣುಸರಪಳಿಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಬಿಸಿಲು, ಆಮ್ಲಜನಕ ಮತ್ತು ಓಝೋನ್ ವರ್ಷಗಟ್ಟಲೆ ತಾಕಿದಾಗ ಆ ಸರಪಳಿಗಳು ಕೆಡುತ್ತವೆ. ರಬ್ಬರು ಪೆಡಸಾಗಿ ಬಿರಿಯುತ್ತದೆ.

ಆಕಾರಕ್ಕಿಂತ ಮೊದಲು ನೋಡಬೇಕಾದದ್ದು ರಬ್ಬರಿನ ಜಾತಿ. ನೈಸರ್ಗಿಕ ರಬ್ಬರೂ ಹಳೆಯ ಟ್ಯೂಬಿನ ರಬ್ಬರೂ ಪೆಟ್ರೋಲು ತಾಕಿದರೆ ಊದಿಕೊಳ್ಳುತ್ತವೆ. ಪೆಟ್ರೋಲನ್ನೂ ಎಣ್ಣೆಯನ್ನೂ ತಾಳುವುದು ನೈಟ್ರೈಲ್ ರಬ್ಬರು. ಆದ್ದರಿಂದ ಟ್ಯೂಬಿನಿಂದ ಕತ್ತರಿಸಿದ ವಾಷರು ಲಾಳಿಗೆಯಂತೆ ದುಂಡಗಿದ್ದರೂ ಪೆಟ್ರೋಲ್ ಟ್ಯಾಂಕಿನ ನಲ್ಲಿಗೆ ಸಲ್ಲದು. ಈಗಿನ ಪೆಟ್ರೋಲಿನಲ್ಲಿ ಶೇಕಡ 20ರವರೆಗೆ ಎಥನಾಲ್ ಬೆರೆತಿರುವುದರಿಂದ, ಹಳೆಯ ಇಂಧನ ಕೊಳವೆಯನ್ನು ತೆಗೆದು ಎಥನಾಲ್ ತಾಳುವ ಹೊಸ ಕೊಳವೆಯನ್ನೇ ಕೊಂಡು ಹಾಕಬೇಕು.

ಮನೆಯಲ್ಲಿ ಧೈರ್ಯವಾಗಿ ಮಾಡಬಹುದಾದದ್ದು ಫುಟ್‌ರೆಸ್ಟ್ ಮತ್ತು ಕಿಕ್ಕರ್ ರಬ್ಬರು. ಹಳೆಯ ರಬ್ಬರಿನ ಸವೆದ ಜಾಗವನ್ನು ಮೇಣದಿಂದ ತುಂಬಿ, ಅದರ ಸುತ್ತ ಪ್ಲಾಸ್ಟರ್ ಆಫ್ ಪ್ಯಾರಿಸ್ ಸುರಿದು ಎರಡು ಹೋಳಿನ ಅಚ್ಚು ಮಾಡಬೇಕು. ಅಚ್ಚು ಪೂರ್ತಿ ಒಣಗಬೇಕು. ತೇವ ಉಳಿದರೆ ಒಳಗೆ ಗುಳ್ಳೆ ಏಳುತ್ತದೆ. ಅಚ್ಚಿನ ಒಳಮೈಗೆ ಮೇಣ ಸವರಿ, ರಂಧ್ರ ಬರಬೇಕಾದ ಕಡೆ ಅಷ್ಟೇ ದಪ್ಪದ, ಮೇಣ ಸವರಿದ ಸರಳನ್ನು ನಿಲ್ಲಿಸಬೇಕು. ಅನಂತರ ಎರಡು ದ್ರವಗಳನ್ನು ಬೆರೆಸಿ ಮಾಡುವ ಪಾಲಿಯುರೆಥೇನ್ ರಬ್ಬರನ್ನು ನಿಧಾನವಾಗಿ ಸುರಿಯಬೇಕು. ಡಬ್ಬಿಯ ಮೇಲೆ ‘ಶೋರ್ ಎ’ ಎಂಬ ಗಡಸುತನದ ಅಂಕಿಯಿರುತ್ತದೆ; 60ರಿಂದ 70 ಇದ್ದರೆ ಕಾಲೂರಲು ಸಾಕು. ಒಂದು ದಿನ ಅಲುಗಿಸದೆ ಬಿಡಬೇಕು. ಕೈಗವಸು ಹಾಕಿಕೊಂಡು, ಗಾಳಿಯಾಡುವ ಜಾಗದಲ್ಲಿ ಹಿರಿಯರೇ ಈ ಕೆಲಸ ಮಾಡಬೇಕು.

ಮಾಡಬಾರದವು ಬೇರೆ. ಯೆಜ್ಡಿಯ ಎಂಜಿನ್ನಿನಲ್ಲಿ ಕ್ರ್ಯಾಂಕಿನ ಸೀಲು ಸೋರಿದರೆ ಹೊರಗಿನ ಗಾಳಿ ಒಳನುಗ್ಗಿ, ಪೆಟ್ರೋಲಿನ ಪಾಲು ತಗ್ಗಿ, ಪಿಸ್ಟನ್ ಕಾದು ಕಚ್ಚಿಕೊಳ್ಳಬಹುದು. ಅಂಬಾಸಡರ್ ಕಾರಿನ ಬ್ರೇಕಿನೊಳಗಿನ ರಬ್ಬರು ಬಟ್ಟಲುಗಳಂತೂ ಮನೆಕೆಲಸವೇ ಅಲ್ಲ. ಅವು ಸೋತರೆ ಬ್ರೇಕು ಹಿಡಿಯುವುದಿಲ್ಲ.

ಇಂಥವು ಅಂಗಡಿಯಲ್ಲಿ ದೊರೆಯದಿದ್ದರೆ, ಅಳತೆಯೊಡನೆ ರಬ್ಬರು ಅಚ್ಚಿನ ಘಟಕಕ್ಕೆ ಹೋಗಿ, ಅದು ತಾಳಬೇಕಾದ ದ್ರವ ಯಾವುದೆಂದು ತಿಳಿಸಿ ಮಾಡಿಸುವುದೇ ಸರಿ. ಅಂಥ ಬಂಡಿಯಿರುವ ನಾಲ್ಕಾರು ಮನೆಯವರು ಸೇರಿದರೆ ಅಚ್ಚಿನ ಖರ್ಚು ಹಂಚಿಹೋಗುತ್ತದೆ. ಹಿಂದಿನ ಸೀಟಿನಲ್ಲಿ ಶಾಲೆಗೆ ಹೋಗುವ ಮಗುವಿರುವಾಗ, ಉಳಿತಾಯ ಕಾಲೂರುವ ರಬ್ಬರಿನಲ್ಲಿರಲಿ, ಬ್ರೇಕಿನಲ್ಲಿ ಬೇಡ.