ಚಳಿಗಾಲದ ಹಬ್ಬಗಳಿಗೆ ಗಾಜಿನ ಮಣಿತೋರಣ: ಒಂದು ಗೃಹೋದ್ಯಮದ ಲೆಕ್ಕಾಚಾರ

ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಎರಡೂವರೆ ಮೂರು ತಿಂಗಳು ಉತ್ತರ ಕರ್ನಾಟಕದ ಮನೆಗಳಿಗೆ ಅಲಂಕಾರದ ಕಾಲ. ತುಳಸಿ ಲಗ್ನ, ಹೆಣ್ಣುಮಕ್ಕಳು ಸಕ್ಕರೆ ಆರತಿ ಹಿಡಿದು ಹೊರಡುವ ಗೌರಿ ಹುಣ್ಣಿಮೆ, ಎಳ್ಳ ಅಮಾವಾಸ್ಯೆ, ಕುಸರೆಳ್ಳು ಹಂಚುವ ಸಂಕ್ರಾಂತಿ, ಇವುಗಳ ನಡುವೆ ಮದುವೆಗಳು. ಜಮಖಂಡಿ, ಮುಧೋಳ, ಬೀಳಗಿ ಹಾಗೂ ರಬಕವಿ-ಬನಹಟ್ಟಿ ಭಾಗದಲ್ಲಿ ಕಬ್ಬು ಅರೆಯುವ ಹಂಗಾಮು ಸಹ ಇದೇ ಅವಧಿಗೆ ಕೂಡಿಬರುವುದರಿಂದ ಪೇಟೆಯಲ್ಲಿ ಹಣದ ಓಡಾಟವೂ ಹೆಚ್ಚಿರುತ್ತದೆ. ಈ ಕಾಲದಲ್ಲಿ ಬಾಗಿಲಿಗೆ, ದೇವರ ಮನೆಗೆ, ತೊಟ್ಟಿಲಿಗೆ ಕಟ್ಟುವ ಗಾಜಿನ ಮಣಿಯ ತೋರಣವನ್ನು ಹಿಂದೆ ಮನೆಯ ಹೆಣ್ಣುಮಕ್ಕಳೇ ಪೋಣಿಸುತ್ತಿದ್ದರು. ಇಂದು ಅದರ ಸ್ಥಾನವನ್ನು ಬಹುಮಟ್ಟಿಗೆ ಪ್ಲಾಸ್ಟಿಕ್ ತೋರಣ ಆಕ್ರಮಿಸಿದೆ. ಕೈಯಿಂದ ಮಾಡಿದ ತೋರಣವನ್ನು ಮತ್ತೆ ಮಾರಾಟದ ವಸ್ತುವಾಗಿ ತರಬೇಕೆನ್ನುವ ಮಹಿಳಾ ಸ್ವಸಹಾಯ ಸಂಘಗಳೂ ವರ್ತಕರೂ ಮೊದಲು ಗಮನಿಸಬೇಕಾದ ಸಂಗತಿಗಳು ಎರಡು: ಒಂದು ದಾರ, ಇನ್ನೊಂದು ಕೂಲಿಯ ಲೆಕ್ಕ. ಗಾಜಿನ ವಿಷಯ ಆಮೇಲಿನದು.

ಗಾಜಿನ ಮಣಿ ಹೊರಗಿನಿಂದಲೇ ಬರಬೇಕು. ಉತ್ತರ ಪ್ರದೇಶದ ಹಾಥರಸ್ ಜಿಲ್ಲೆಯ ಪುರ್ದಿಲ್‌ನಗರ ಮತ್ತು ವಾರಾಣಸಿ, ಆಂಧ್ರ ಪ್ರದೇಶದ ಪಾಪಾನಾಯುಡುಪೇಟೆ ಇದಕ್ಕೆ ಹೆಸರಾದ ಸ್ಥಳಗಳು. ವಾರಾಣಸಿಯ ಮಣಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಉಂಟು. ಸಣ್ಣ ಮಣಿಯ ಅಳತೆಯನ್ನು ಸಂಖ್ಯೆಯಲ್ಲಿ ಹೇಳುವುದು ರೂಢಿ. ಸಂಖ್ಯೆ ಹೆಚ್ಚಿದಷ್ಟೂ ಮಣಿ ಚಿಕ್ಕದು ಎಂಬುದನ್ನು ಹೊಸಬರು ಮರೆಯಬಾರದು: 11ನೆಯ ಸಂಖ್ಯೆಯದು ಸುಮಾರು 2 ಮಿ.ಮೀ., 8ನೆಯದು ಸುಮಾರು 3 ಮಿ.ಮೀ., 6ನೆಯದು ಸುಮಾರು 4 ಮಿ.ಮೀ. ಬಣ್ಣ ಗಾಜಿನಲ್ಲಿಯೇ ಬೆರೆತಿರುವ ಮಣಿ ದಶಕಗಟ್ಟಲೆ ಮಾಸದು. ಮೇಲೆ ಬಣ್ಣ ಹಚ್ಚಿದ ಮಣಿ ಒಂದೆರಡು ವರ್ಷಗಳಲ್ಲಿ ಬಿಳಚಿಕೊಳ್ಳಬಹುದು, ತೂತಿನ ಒಳಗೆ ಬೆಳ್ಳಿ ಲೇಪವಿರುವುದು ತೇವಕ್ಕೆ ಕಪ್ಪಾಗಬಹುದು. ಸಗಟು ಖರೀದಿಗೆ ಮುನ್ನ ಹಿಡಿಯಷ್ಟು ಮಣಿಯನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಉಜ್ಜಿ, ಕೆಲವು ದಿನ ಬಿಸಿಲಿಗಿಟ್ಟು ನೋಡುವುದು ಕ್ಷೇಮ. ಪ್ಲಾಸ್ಟಿಕ್ ಬೆರಕೆಯನ್ನು ಕೈಯೇ ಹೇಳುತ್ತದೆ. ಗಾಜು ಮುಟ್ಟಿದರೆ ತಂಪು. ಅದೇ ಗಾತ್ರದ ಅಕ್ರಿಲಿಕ್ ಮಣಿಗಿಂತ ಎರಡು ಪಟ್ಟು ಭಾರ.

ಇನ್ನು ದಾರದ ಮಾತು. ಹಳೆಯ ತೋರಣವೊಂದು ಹಾಳಾಯಿತೆಂದರೆ ಸಾಮಾನ್ಯವಾಗಿ ಒಡೆದದ್ದು ಗಾಜಲ್ಲ, ಹರಿದದ್ದು ದಾರ. ಹತ್ತಿಯ ದಾರ ತೇವ ಹೀರಿ ಕಾಲಕ್ರಮದಲ್ಲಿ ಜೀರ್ಣವಾಗುತ್ತದೆ. ಮೀನಿನ ಗಾಳಕ್ಕೆ ಬಳಸುವ ಒಂಟಿ ಎಳೆಯ ನೈಲಾನ್ ನೋಡಲು ಗಟ್ಟಿ, ಆದರೆ ಭಾರಕ್ಕೆ ನಿಧಾನವಾಗಿ ಜಗ್ಗುತ್ತದೆ, ಬಿಸಿಲಿಗೆ ಹಳದಿಯಾಗಿ ಪೆಡಸಾಗುತ್ತದೆ. ಹಲವು ಎಳೆಗಳನ್ನು ಹುರಿ ಮಾಡಿದ ಪಾಲಿಯೆಸ್ಟರ್ ದಾರ ಇವೆರಡಕ್ಕಿಂತ ಬಾಳಿಕೆ ಬರುತ್ತದೆ. ಅದರಲ್ಲಿಯೂ ಮಣಿಯ ಬಾಯಿಯ ಹರಿತವೇ ದೊಡ್ಡ ಶತ್ರು. ದುಂಡು ಮಣಿಯನ್ನು ತಯಾರಿಕೆಯಲ್ಲಿ ಮತ್ತೊಮ್ಮೆ ಕಾಸಿ ಅಂಚು ನುಣುಪು ಮಾಡಿರುತ್ತಾರೆ; ಉದ್ದನೆಯ ಕೊಳವೆ ಮಣಿಯನ್ನು ಕತ್ತರಿಸಿದಂತೆಯೇ ಬಿಡುವುದುಂಟು. ಆದ್ದರಿಂದ ಕೊಳವೆ ಮಣಿಯ ಎರಡೂ ತುದಿಗೆ ಒಂದೊಂದು ದುಂಡು ಮಣಿ ಪೋಣಿಸಿ, ದಾರ ಮಡಚುವ ಕಡೆ ಕೊಳವೆಯ ಅಂಚು ತಾಗದಂತೆ ನೋಡಿಕೊಳ್ಳಬೇಕು.

ರಬಕವಿ-ಬನಹಟ್ಟಿಯ ನೇಕಾರ ಕುಟುಂಬಗಳಿಗೆ ಈ ವಿಷಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಂಡಿಕೆ ಸುತ್ತುವ ಕೈಗೆ ನೂಲಿನ ಹುರಿ ಸಡಿಲವೋ ಬಿಗಿಯೋ ಎಂಬುದು ಮುಟ್ಟಿದೊಡನೆ ತಿಳಿಯುತ್ತದೆ. ಮಗ್ಗದಲ್ಲಿ ಹಾಸಿನ ಎಳೆ ಫಣಿಗೆ ಉಜ್ಜಿ ಹರಿಯದಿರಲೆಂದು ಗಂಜಿ ಹಾಕುವಂತೆ, ತೋರಣದ ದಾರ ಮಣಿಯ ಬಾಯಿಗೆ ಉಜ್ಜಿ ಹರಿಯದಿರಲೆಂದು ಜೇನುಮೇಣ ಸವರಬೇಕು. ಇಲ್ಲಿ ಗಂಜಿ ನಡೆಯದು, ಅದು ತೇವವನ್ನೂ ಹುಳುವನ್ನೂ ಕರೆಯುತ್ತದೆ. ಪ್ರತಿ ಎಳೆಯನ್ನು ಎರಡು ಸಲ ಮಣಿಯೊಳಗೆ ಹಾಯಿಸಿ, ಒಂದೊಂದು ಎಲೆ ಇಲ್ಲವೆ ಗೊಂಚಲು ಮುಗಿದಾಗ ಗಂಟು ಹಾಕಿದರೆ, ಮುಂದೆ ಎಲ್ಲಾದರೂ ದಾರ ಹರಿದರೂ ಅಷ್ಟು ಭಾಗ ಮಾತ್ರ ಉದುರುತ್ತದೆ. ಹೀಗೆ ಗಂಟು ಹಾಕದ ತೋರಣ ಅಗ್ಗಕ್ಕೆ ಸಿಕ್ಕರೂ ಗ್ರಾಹಕನಿಗೆ ದುಬಾರಿಯೇ.

ಕನ್ನಡಿ ಬಿಲ್ಲೆ ಸೇರಿಸುವುದಾದರೆ ವಿಧಾನ ಬೇರೆ. ಅದಕ್ಕೆ ತೂತಿರುವುದಿಲ್ಲ, ಬಟ್ಟೆಯ ಮೇಲಿಟ್ಟು ದಾರವನ್ನು ಅಡ್ಡ ಉದ್ದ ಬಿಗಿದು, ಸುತ್ತಲೂ ಹೊಲಿಗೆಯ ಚೌಕಟ್ಟು ಕಟ್ಟಬೇಕು. ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಾಂಡಾಗಳ ಲಂಬಾಣಿ ಮಹಿಳೆಯರಿಗೆ ಇದು ಕರಗತ ವಿದ್ಯೆ. ಗುಜರಾತಿನ ಕಪಡ್‌ವಂಜ್‌ನಲ್ಲಿ ಹಿಂದೆ ಒಳಗೆ ಕಲಾಯಿ ಮಾಡಿದ ಊದಿದ ಗಾಜಿನ ಗೋಲವನ್ನು ಒಡೆದು ಬಿಲ್ಲೆ ತೆಗೆಯುತ್ತಿದ್ದುದರಿಂದ ಅವು ಸ್ವಲ್ಪ ಉಬ್ಬಿಕೊಂಡಿದ್ದು, ಬೆಳಕನ್ನು ಹಲವು ದಿಕ್ಕಿಗೆ ಚೆಲ್ಲುತ್ತಿದ್ದವು. ಈಗ ಹೆಚ್ಚಾಗಿ ದೊರೆಯುವುದು ಯಂತ್ರದಲ್ಲಿ ಕತ್ತರಿಸಿದ ಚಪ್ಪಟೆ ಬಿಲ್ಲೆ. ಅಂಟು ಹಚ್ಚಿ ಕೂರಿಸಿದ ಕನ್ನಡಿಯನ್ನು ಕಸೂತಿಯೆಂದು ಮಾರುವುದು ನ್ಯಾಯವಲ್ಲ.

ಕೂಲಿಯ ಲೆಕ್ಕದಲ್ಲಿಯೇ ಈ ಉದ್ಯಮದ ಅಳಿವು ಉಳಿವು ಅಡಗಿದೆ. ಮಣಿ ಕೊಟ್ಟು ಪೋಣಿಸಿಕೊಳ್ಳುವ ವರ್ತಕನಿಗೆ ತೂಕದ ಮೇಲೆ ಕೂಲಿ ಕೊಡುವುದು ಸುಲಭವೆಂದು ತೋರಬಹುದು. ಆದರೆ 11ನೆಯ ಸಂಖ್ಯೆಯ ಮಣಿ ಗ್ರಾಮಿಗೆ ಸುಮಾರು 110 ತೂಗಿದರೆ, 8ನೆಯದು ಸುಮಾರು 38 ಮಾತ್ರ. ಮಣಿಯೊಂದಕ್ಕೆ 6 ಸೆಕೆಂಡು ಎಂದು ಹಿಡಿದರೆ 100 ಗ್ರಾಂ ಚಿಕ್ಕ ಮಣಿಯನ್ನು ಪೋಣಿಸಲು 18 ಗಂಟೆಗೂ ಹೆಚ್ಚು, ಅಷ್ಟೇ ತೂಕದ ದೊಡ್ಡ ಮಣಿಗೆ ಆರು ಗಂಟೆ ಚಿಲ್ಲರೆ ಸಮಯ ಬೇಕು. ಇಬ್ಬರಿಗೂ ಒಂದೇ ಕೂಲಿ ಕೊಟ್ಟಲ್ಲಿ ಸೂಕ್ಷ್ಮ ಕೆಲಸ ಬಲ್ಲವಳೇ ನಷ್ಟಕ್ಕೆ ಗುರಿಯಾಗುತ್ತಾಳೆ, ಮುಂದಿನ ವರ್ಷ ಆಕೆ ಸೂಜಿ ಹಿಡಿಯುವುದಿಲ್ಲ. ಅಡಿಯ ಅಳತೆಯ ಮೇಲೆ ಕೊಡುವ ಕೂಲಿಗೂ ಇದೇ ದೋಷವಿದೆ. ಮಣಿಯ ಎಣಿಕೆಯ ಮೇಲೆ, ಅಂದರೆ ಸಮಯದ ಮೇಲೆ ಕೊಡುವುದೊಂದೇ ಸರಿಯಾದ ದಾರಿ. 3000 ಮಣಿಯ ತೋರಣಕ್ಕೆ 5 ಗಂಟೆ. ಲೆಕ್ಕಕ್ಕಾಗಿ ಗಂಟೆಗೆ 60 ರೂಪಾಯಿ ಹಿಡಿದರೆ ಕೂಲಿಯೇ 300 ರೂಪಾಯಿ. ಇದರ ಮೇಲೆ ಮಣಿ, ದಾರ, ಪ್ಯಾಕಿಂಗ್, ವರ್ತಕನ ಲಾಭ.

ಈ ಬೆಲೆ ಪೇಟೆಗೆ ಒಗ್ಗದಿದ್ದಲ್ಲಿ ಕಡಿಮೆ ಮಾಡಬೇಕಾದದ್ದು ಕೂಲಿಯನ್ನಲ್ಲ, ಮಣಿಗಳ ಸಂಖ್ಯೆಯನ್ನು. ಇಳಿಬಿಟ್ಟ ಸರಗಳಲ್ಲಿ 2 ಮಿ.ಮೀ. ಮಣಿಯ ಬದಲು 4 ಮಿ.ಮೀ. ಮಣಿ ಬಳಸಿದರೆ ಎಣಿಕೆ ಅರ್ಧಕ್ಕಿಳಿಯುತ್ತದೆ. ಮೈತುಂಬ ಹೆಣೆದ ಗಿಳಿ, ನವಿಲು, ಕಳಸದಂತಹ ಆಕೃತಿಗಳಲ್ಲಿ ಕಾಲು ಭಾಗಕ್ಕೆ ಇಳಿಯುತ್ತದೆ. ಕಣ್ಣಿಗೆ ಬೀಳುವ ಅಂಚಿಗೆ ಮಾತ್ರ ಚಿಕ್ಕ ಮಣಿ ಇಟ್ಟರೆ ಅಂದಕ್ಕೆ ಕೊರತೆಯಿಲ್ಲ.

ಗಾಜಿನ ಗೃಹೋದ್ಯಮಕ್ಕೆ ಜಗತ್ಪ್ರಸಿದ್ಧ ಉದಾಹರಣೆ ಜರ್ಮನಿಯ ತುರಿಂಜಿಯಾ ಪ್ರಾಂತದ ಲೌಶಾ. 19ನೆಯ ಶತಮಾನದ ಮಧ್ಯಭಾಗದಿಂದ ಅಲ್ಲಿನ ಕುಟುಂಬಗಳು ಕ್ರಿಸ್‌ಮಸ್ ಮರಕ್ಕೆ ತೂಗುಹಾಕುವ ಗಾಜಿನ ಗುಂಡುಗಳನ್ನು ಮನೆಯಲ್ಲಿಯೇ ತಯಾರಿಸತೊಡಗಿದವು. ಗಂಡಸರು ಉರಿಯಲ್ಲಿ ಗಾಜು ಊದಿದರೆ, ಹೆಂಗಸರು ಮಕ್ಕಳು ಬೆಳ್ಳಿ ಲೇಪಿಸಿ, ಬಣ್ಣ ಬಳಿದು, ಪೆಟ್ಟಿಗೆ ತುಂಬುತ್ತಿದ್ದರು. 1880ರ ಸುಮಾರಿಗೆ ಅಮೆರಿಕದ ವರ್ತಕ ವೂಲ್ವರ್ತ್ ಇವನ್ನು ತನ್ನ ಅಂಗಡಿಯಲ್ಲಿ ಮಾರತೊಡಗಿದ ಮೇಲೆ ಬೇಡಿಕೆ ಬಹಳ ಬೆಳೆಯಿತು. ಆದರೂ ವ್ಯಾಪಾರದ ಹಿಡಿತ ಹತ್ತಿರದ ಜೋನೆಬರ್ಗ್ ಪಟ್ಟಣದ ಸಗಟು ವರ್ತಕರ ಕೈಯಲ್ಲಿತ್ತು, ಮನೆಮಂದಿಯ ದುಡಿಮೆಗೆ ಸಿಗುತ್ತಿದ್ದುದು ಅಲ್ಪ. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿ ವಿದ್ಯುತ್ ಬಲ್ಬಿನ ಯಂತ್ರದಲ್ಲಿಯೇ ಗುಂಡು ತಯಾರಿಸಿತು. ಅಗ್ಗದ ಪೈಪೋಟಿಯಲ್ಲಿ ಯಂತ್ರವನ್ನು ಮಣಿಸುವುದು ಯಾವ ಕೈಗೂ ಸಾಧ್ಯವಿರಲಿಲ್ಲ. ಲೌಶಾದಲ್ಲಿ ಇಂದು ಉಳಿದಿರುವುದು ಕೈಯಿಂದ ಊದಿದ್ದೆಂಬ ಹೆಸರಿನ ಮೇಲೆ ಹೆಚ್ಚಿನ ಬೆಲೆಗೆ ಮಾರುವ ಸರಕು.

ಪ್ರದರ್ಶನದ ಬಗೆಗೂ ಮಾರುವವರಿಗೆ ತಿಳಿವಳಿಕೆ ಇರಬೇಕು. ಜಮಖಂಡಿಯ ಅಕ್ಷಾಂಶದಲ್ಲಿ ಡಿಸೆಂಬರ್ ಕೊನೆಯ ನಡುಹಗಲಿನಲ್ಲಿ ಸೂರ್ಯ ದಕ್ಷಿಣಕ್ಕೆ ಸುಮಾರು 50 ಡಿಗ್ರಿ ಎತ್ತರದಲ್ಲಿ ಮಾತ್ರ ಇರುತ್ತಾನೆ. ಬೇಸಿಗೆಯಲ್ಲಿ ನೆತ್ತಿಯ ಮೇಲಿರುವ ಬಿಸಿಲು ಚಳಿಗಾಲದಲ್ಲಿ ಓರೆಯಾಗಿ ದಕ್ಷಿಣದ ಬಾಗಿಲು ಕಿಟಕಿಗಳ ಒಳಗೆ ಬೀಳುವುದರಿಂದ ಗಾಜಿನ ಹೊಳಪು ಕಾಣಲು ಅದೇ ತಕ್ಕ ಜಾಗ. ತೋರಣವನ್ನು ಎರಡು ಮೊಳೆಗೆ ಬಿಗಿಯದೆ, ಕಟ್ಟಿಗೆಯ ಪಟ್ಟಿಗೆ ಉದ್ದಕ್ಕೂ ಹೊಲಿದು ತೂಗುಹಾಕಿದರೆ ಭಾರ ಹಂಚಿಹೋಗುತ್ತದೆ. ಹಬ್ಬ ಮುಗಿದ ಮೇಲೆ ಮಡಚಿಡಬಾರದು. ಬಟ್ಟೆಯೊಂದಿಗೆ ಬಿದಿರ ಕೋಲಿಗೆ ಸುತ್ತಿಡಬೇಕು.

ತೆರಿಗೆಯ ವಿಷಯದಲ್ಲಿ ಒಂದು ಎಚ್ಚರಿಕೆ. ಗಾಜಿನ ಬಳೆಯೂ ಗಾಜಿನ ಮಣಿಯೂ 7018 ಎಂಬ ಒಂದೇ ಶೀರ್ಷಿಕೆಯಡಿ ಬರುತ್ತವೆ. ಬಳೆಗೆ ಜಿ.ಎಸ್.ಟಿ. ವಿನಾಯಿತಿ ಇದೆಯೆಂದ ಮಾತ್ರಕ್ಕೆ ಮಣಿಗೂ ಇದೆಯೆಂದು ಭಾವಿಸಬಾರದು. ಕ್ರಿಸ್‌ಮಸ್ ಅಲಂಕಾರವೆಂದು ರಫ್ತು ಮಾಡುವ ಗಾಜಿನ ವಸ್ತುವಾದರೆ 9505ನೆಯ ಶೀರ್ಷಿಕೆಗೆ ಸೇರುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಮಣಿಕೆಲಸ ಸೇರಿಲ್ಲ. ಆದ್ದರಿಂದ ಸಂಘಗಳು ಉದ್ಯಮ್ ನೋಂದಣಿ ಹಾಗೂ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯ ಪೆಹಚಾನ್ ಗುರುತಿನ ಚೀಟಿಯ ಕಡೆ ಗಮನ ಹರಿಸುವುದು ಒಳಿತು.

ಶ್ರಾವಣದೊಳಗೆ ಮಣಿ ಕೈಸೇರದಿದ್ದರೆ ದೀಪಾವಳಿಗೆ ಮಾಲು ಸಿದ್ಧವಾಗದು. ಸಂಕ್ರಾಂತಿಯಾದ ಮೇಲೆ ಉಳಿದ ಮಾಲಿಗೆ ಬಾದಾಮಿಯ ಬನಶಂಕರಿ ಜಾತ್ರೆ ಒಳ್ಳೆಯ ಪೇಟೆ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ಅಲ್ಲಿ ಅಂಗಡಿಗಳು ವಾರಗಟ್ಟಲೆ ಇರುತ್ತವೆ. ಬೇಸಿಗೆಯ ತಿಂಗಳುಗಳಲ್ಲಿ ಮಾಡಬಹುದಾದ ಕೆಲಸ ಮತ್ತೊಂದಿದೆ. ಅಜ್ಜಿಯ ಕಾಲದ ತೋರಣ ಉದುರಿ ಡಬ್ಬಿಯಲ್ಲಿ ಬಿದ್ದಿರುವ ಮನೆಗಳುಂಟು. ಅಂತಹ ಮಣಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಹೊಸ ದಾರದಲ್ಲಿ ಹಳೆಯ ವಿನ್ಯಾಸದಂತೆಯೇ ಪೋಣಿಸಿಕೊಡಲು ಬಂಡವಾಳವಾಗಿ ಬೇಕಾದದ್ದು ಸೂಜಿ, ಮೇಣ ಮತ್ತು ಒಂದು ಉಂಡೆ ದಾರ ಮಾತ್ರ.