ಹಿತ್ತಲಿಗೆ ಹಣ್ಣಿನ ಗಿಡಗಳನ್ನು ಆರಿಸುವ ವಿಷಯ

ಹೊಸದಾಗಿ ಸಂಸಾರ ಹೂಡಿದ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಹಿತ್ತಲಿನಲ್ಲಿ ಮೊದಲು ನೆಡುವುದು ಬಾಳೆಯನ್ನೇ. ಸಸ್ಯಶಾಸ್ತ್ರಜ್ಞರ ಲೆಕ್ಕದಲ್ಲಿ ಬಾಳೆಯು ಮರವಲ್ಲ. ಆದರೂ ನಮ್ಮ ಮನೆಗಳಲ್ಲಿ ಅದಕ್ಕೆ ಹಣ್ಣಿನ ಮರದ ಮರ್ಯಾದೆಯೇ ಸಲ್ಲುವುದು. ತವರಿನಿಂದಲೋ ನೆರೆಮನೆಯಿಂದಲೋ ಒಂದು ಕಂದನ್ನು ತಂದು ನೆಡುವುದು ವಾಡಿಕೆ. ಪ್ರೀತಿಯಿಂದ ಕೊಟ್ಟ ಆ ಕಂದಿನೊಡನೆ ಮತ್ತೇನು ಬಂದಿರಬಹುದೆಂಬುದನ್ನು ಮಾತ್ರ ವಿಚಾರಿಸುವವರು ವಿರಳ.

ನಂಜನಗೂಡಿನ ರಸಬಾಳೆಯ ಸವಿಯನ್ನು ನಾವು ವರ್ಣಿಸಬೇಕಾಗಿಲ್ಲ. ಆದರೆ ಆ ಸೀಮೆಯಲ್ಲಿಯೇ ಅದರ ತೋಟಗಳು ಬಹಳವಾಗಿ ಕುಗ್ಗಿಹೋದವು. ಪನಾಮಾ ಸೊರಗುರೋಗವೇ ಇದಕ್ಕೆ ಮುಖ್ಯವಾದ ಕಾರಣ. ಫ್ಯುಸೇರಿಯಂ ಎಂಬ ಶಿಲೀಂಧ್ರವು ಮಣ್ಣಿನಿಂದ ಬೇರನ್ನು ಹೊಕ್ಕು, ನೀರೇರುವ ನಾಳಗಳನ್ನು ಕಟ್ಟಿಬಿಡುತ್ತದೆ. ಮೊದಲು ಕೆಳಗಿನ ಎಲೆಗಳ ಅಂಚು ಹಳದಿಯಾಗುವುದು. ಬಳಿಕ ತೊಟ್ಟು ಮುರಿದು ಎಲೆಗಳು ದಿಂಡಿನ ಸುತ್ತಲೂ ಜೋತುಬೀಳುವವು. ಗಡ್ಡೆಯನ್ನು ಕೊಯ್ದರೆ ಒಳಗೆ ಕೆಂಗಂದು ಕಲೆಗಳು ಕಾಣುವವು. ಇದಕ್ಕೆ ಔಷಧವಿಲ್ಲ. ಗಿಡವನ್ನು ಕಿತ್ತು ಸುಟ್ಟರೂ ರೋಗಬೀಜವು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುವುದು. ಆದಕಾರಣ ನಷ್ಟವಾಗುವುದು ಒಂದು ಗೊನೆಯಲ್ಲ, ಆ ನೆಲವೇ.

ಈ ಹಳೆಯ ಬಗೆಯ ರೋಗಕ್ಕೆ ರಸಬಾಳೆಯು ಬೇಗನೆ ತುತ್ತಾಗುವುದು; ಏಲಕ್ಕಿಬಾಳೆಗೂ ಅದು ತಗಲುವುದುಂಟು. ಪಚ್ಚಬಾಳೆಯಾದರೋ ಅದನ್ನು ತಡೆದು ನಿಲ್ಲುವುದು. ಪಚ್ಚಬಾಳೆಯ ಕುಲದವೇ, 20ನೆಯ ಶತಮಾನದ ಮಧ್ಯಭಾಗದಲ್ಲಿ, ಮಧ್ಯ ಅಮೆರಿಕದ ತೋಟಗಳಲ್ಲಿ ನಾಶವಾದ ಗ್ರೋ ಮಿಷೆಲ್ ಬಾಳೆಯ ಸ್ಥಾನಕ್ಕೆ ಬಂದವು. ಆದರೆ ಅದೇ ಶಿಲೀಂಧ್ರದ ಇನ್ನೊಂದು ಬಗೆಯು ಪಚ್ಚಬಾಳೆಯನ್ನೂ ಕೊಲ್ಲುತ್ತದೆ. ಅದು ಭಾರತದೊಳಗೆ ಬಿಹಾರ ಮತ್ತು ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ. ಆದುದರಿಂದ ಸಸಿ ಮಾರುವವನು “ಇದಕ್ಕೆ ರೋಗ ಬರುವುದಿಲ್ಲ” ಎಂದರೆ “ಯಾವ ರೋಗ?” ಎಂದು ಕೇಳಬೇಕು. ಅಂಗಾಂಶ ಕೃಷಿಯ ಸಸಿಯ ವಿಷಯದಲ್ಲಿಯೂ ಈ ಎಚ್ಚರಿಕೆ ಬೇಕು. ಅದು ನೆಡುವಾಗ ಶುದ್ಧವಾಗಿರುವುದು ನಿಜ. ಶುದ್ಧವಾಗಿರುವುದು ಬೇರೆ, ರೋಗವನ್ನು ತಡೆಯುವುದು ಬೇರೆ. ಕೆಟ್ಟ ಮಣ್ಣಿನಲ್ಲಿ ನೆಟ್ಟ ರಸಬಾಳೆಯು ಎಲ್ಲಿಂದ ಬಂದಿದ್ದರೂ ಸೊರಗುವುದು.

ಕಿತ್ತಳೆಯ ಜಾತಿಯಲ್ಲಿ ನೋಡಬೇಕಾದುದು ಹಣ್ಣನ್ನಲ್ಲ, ಬೇರನ್ನು. 1930ರ ನಂತರ ಅರ್ಜೆಂಟೀನಾ, ಬ್ರೆಜಿಲ್ ದೇಶಗಳಲ್ಲಿ ಲಕ್ಷಾಂತರ ಕಿತ್ತಳೆಮರಗಳು ಒಣಗಿದವು. ಗಿಡಹೇನುಗಳು ಹರಡುವ ಈ ವೈರಸ್ ರೋಗಕ್ಕೆ ‘ಟ್ರಿಸ್ಟೇಜಾ’, ಅಂದರೆ ದುಃಖ, ಎಂದು ಹೆಸರಾಯಿತು. ಸತ್ತವು ಹುಳಿಕಿತ್ತಳೆಯ ಬೇರಿನ ಮೇಲೆ ಕಸಿಮಾಡಿದ ಮರಗಳು. ಅದೇ ಕಿತ್ತಳೆಯನ್ನು ರಂಗಪುರದ ನಿಂಬೆಯ ಬೇರಿನ ಮೇಲೆ ಕಟ್ಟಿದಲ್ಲಿ ಮರಗಳು ಬದುಕಿದವು. ಕೊಡಗಿನ ಕಿತ್ತಳೆಗೂ ಈ ಬೇರನ್ನು ಉಪಯೋಗಿಸುವುದುಂಟು. ಆದರೆ ನೀರು ನಿಲ್ಲುವ ನೆಲದಲ್ಲಿ ರಂಗಪುರದ ಬೇರು ಬುಡಕೊಳೆ ರೋಗಕ್ಕೆ ಸೋಲುವುದು. ಆದಕಾರಣ ಬಚ್ಚಲ ನೀರಿನ ಬದಿಯಲ್ಲಿ ಅದನ್ನು ನೆಡಕೂಡದು. ಕಸಿಯ ಗಂಟನ್ನು ಮಣ್ಣಿನಲ್ಲಿ ಹೂಳಲೂ ಕೂಡದು. ಗಂಟಿನ ಕೆಳಗೆ ಒಡೆದ ಚಿಗುರನ್ನು ಆಗಾಗ್ಗೆ ಕೀಳುತ್ತಿರಬೇಕು. ಇಲ್ಲವಾದರೆ ಕೆಲವು ವರ್ಷಗಳ ಬಳಿಕ ಮನೆಯವರು ತಿನ್ನುವುದು ಕಿತ್ತಳೆಯನ್ನಲ್ಲ, ಹುಳಿನಿಂಬೆಯನ್ನು.

ಪಪ್ಪಾಯಿಗೆ ಬರುವ ಉಂಗುರಚುಕ್ಕೆ ರೋಗವನ್ನು ಪೂರ್ಣವಾಗಿ ತಡೆಯುವ ಜಾತಿಯು ನಮ್ಮ ಪೇಟೆಯಲ್ಲಿ ದೊರೆಯದು. ಆದರೂ ಅದು ಬೇಗ ಫಲಕೊಡುವ ಗಿಡವಾದುದರಿಂದ ಒಂದೆರಡನ್ನು ನೆಟ್ಟು ನೋಡಬಹುದು. ದಾಳಿಂಬೆಯ ದುಂಡಾಣು ಅಂಗಮಾರಿಯು ಮಳೆಯ ಹನಿಯೊಡನೆ ಹರಡುವುದರಿಂದ, ಮಳೆ ಹೆಚ್ಚಾದ ಊರಿನವರು ಅದರ ಆಸೆಯನ್ನು ಬಿಡುವುದೇ ಲೇಸೆಂದು ನಮಗೆ ತೋರುತ್ತದೆ. ಹೆಚ್ಚು ಆರೈಕೆಗೆ ಪುರುಸೊತ್ತಿಲ್ಲದವರಿಗೆ ಚಿಕ್ಕು, ಹಲಸು, ನೇರಳೆಗಳು ಉಂಟು.

ಬಾಳೆ ಸೊರಗಿದ ಕಡೆಯಲ್ಲಿ ಇವುಗಳಲ್ಲಿ ಒಂದನ್ನು ನೆಡಬಹುದು. ಬಾಳೆಯ ಶಿಲೀಂಧ್ರವು ಇವುಗಳನ್ನು ಬಾಧಿಸದು. ಆದರೆ ಅಲ್ಲಿ ಅಗೆದ ಗುದ್ದಲಿಯ ಮಣ್ಣನ್ನು ಚೆನ್ನಾಗಿ ತೊಳೆಯದೆ ಬೇರೆ ಕಡೆ ಉಪಯೋಗಿಸಬಾರದು. ಆ ಹಿತ್ತಲಿನ ಕಂದು ನೋಡುವುದಕ್ಕೆ ಎಷ್ಟೇ ಪುಷ್ಟವಾಗಿದ್ದರೂ, ಕೇಳಿದವರು ಸ್ವಂತ ಮಗಳೇ ಆಗಿದ್ದರೂ, ಕೊಡಕೂಡದು.